ನಲಿ-ಕಲಿ ತರಗತಿಯಲ್ಲಿ ಕಿವಿ ಮೆಷಿನ್ ಹಾಕಿದ ಹುಡುಗಿಗೂ ಅಕ್ಷರ ಹತ್ತದ ಹುಡುಗನಿಗೂ ಒಟ್ಟಿಗೆ ಕಲಿಸುವುದು ಹೇಗೆ?

ಮೇಡಂ, ನಿಮ್ಮ ಪ್ರಶ್ನೆ ಇದು: ಬಾಗೇಪಲ್ಲಿ ತಾಲ್ಲೂಕಿನ ಸರ್ಕಾರಿ ಶಾಲೆ, ಒಂದರಿಂದ ಮೂರನೇ ತರಗತಿಯ 22 ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪುಗಳಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ. ಒಬ್ಬಳಿಗೆ ಕಿವಿ ಮೆಷಿನ್ ಇದ್ದೂ ಹೇಳಿದ್ದು ತಲುಪುತ್ತಿಲ್ಲ. ಎರಡನೇ ತರಗತಿಯ ಹುಡುಗನೊಬ್ಬನಿಗೆ ಅಕ್ಷರ ಹತ್ತುತ್ತಿಲ್ಲ. ಇಬ್ಬರನ್ನೂ ವಿಶೇಷ ಶಾಲೆಗೆ ಕಳಿಸಿ ಎನ್ನುತ್ತಿದ್ದಾರೆ ಊರವರು.

ಕಳಿಸುವ ಮಾತು ಆಮೇಲಿರಲಿ. ಹುಡುಗಿಗೆ ಇವತ್ತು ಕೇಳಿಸುತ್ತಿದೆಯೇ ಎಂದು ದಿನಾ ಪ್ರಾರ್ಥನೆ ಮುಗಿದ ಮೇಲೆ ಒಂದು ನಿಮಿಷ ನೋಡಿ. ಬೆನ್ನ ಹಿಂದೆ ಒಂದು ಮೀಟರ್ ದೂರ ನಿಂತು ಆ, ಊ, ಈ, ಮ್, ಶ್, ಸ್ ಈ ಆರು ಸದ್ದುಗಳನ್ನು ಮಾಮೂಲಿ ದನಿಯಲ್ಲಿ, ಕ್ರಮ ಬದಲಿಸುತ್ತ, ನಡುನಡುವೆ ಸುಮ್ಮನಿದ್ದು ಹೇಳಿ. ಕೇಳಿಸಿದಾಗ ಅವಳು ಕೈ ಎತ್ತಲಿ. ಮಾತಿನ ತಗ್ಗಿನ ಸದ್ದಿನಿಂದ ಕೀರಲು ಸದ್ದಿನವರೆಗೆ ಎಲ್ಲವೂ ಈ ಆರರೊಳಗೆ ಬರುತ್ತದೆ. ನಿನ್ನೆ ಕೇಳಿಸಿದ ‘ಸ್’ ಇವತ್ತು ಕೇಳಿಸದಿದ್ದರೆ ಮೊದಲು ಸೆಲ್ ನೋಡಿ. ಅದು ಗಾಳಿ ಎಳೆದುಕೊಂಡು ಕೆಲಸ ಮಾಡುವ ಸೆಲ್. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಬೇಕು. ಕಿತ್ತ ಮೇಲೆ ಬಳಸದಿದ್ದರೂ ಖರ್ಚಾಗುತ್ತದೆ, ಹಾಗಾಗಿ ಮುಂಚೆಯೇ ಕಿತ್ತಿಡಬೇಡಿ. ಆಮೇಲೆ ಮೋಲ್ಡಿನ, ಅಂದರೆ ಕಿವಿಯೊಳಗೆ ಕೂರುವ ಅಚ್ಚಿನ, ತೂತಿನಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ. ಮೆಷಿನ್ ಕುಂಯ್ ಎನ್ನುತ್ತಿದ್ದರೆ ಮೋಲ್ಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿ ಬೆಳೆದು ಅದು ಸಡಿಲವಾಗಿದೆ. ಕೂಗುತ್ತದೆಂದು ವಾಲ್ಯೂಮ್ ತಗ್ಗಿಸುವುದೇ ಎಲ್ಲರೂ ಮಾಡುವ ತಪ್ಪು. ಅದರಿಂದ ಕೂಗು ನಿಲ್ಲುತ್ತದೆ, ಜೊತೆಗೆ ಪಾಠವೂ ಕೇಳಿಸದಂತಾಗುತ್ತದೆ. ಸರಿಯಾಗಿ ಕೂರಿಸಿದರೂ ಕೂಗಿದರೆ ಹೊಸ ಅಳತೆಯ ಮೋಲ್ಡ್ ಮಾಡಿಸಬೇಕು.

ಇನ್ನು ಜಾಗ. ಐದು ತಟ್ಟೆಯ (ಗುಂಪಿನ) ಮಕ್ಕಳೂ ಒಟ್ಟಿಗೆ ಮಾತಾಡುವ ನಲಿ-ಕಲಿ ಕೋಣೆ ಮೆಷಿನ್ ಹಾಕಿದ ಮಗುವಿಗೆ ಬಲು ಕಷ್ಟ. ಮೆಷಿನ್ ನಿಮ್ಮ ದನಿಯೊಂದನ್ನೇ ಆರಿಸಿಕೊಳ್ಳುವುದಿಲ್ಲ, ಸುತ್ತಲಿನ ಸದ್ದನ್ನೂ ದೊಡ್ಡದು ಮಾಡುತ್ತದೆ. ದೂರ ಎರಡರಷ್ಟಾದರೆ ನಿಮ್ಮ ದನಿ 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಶಿಕ್ಷಕರ ಸಹಾಯದ ತಟ್ಟೆಯನ್ನು ಬಾಗಿಲು, ರಸ್ತೆ, ಬಿಸಿಯೂಟದ ಕೋಣೆಯಿಂದ ದೂರದ ಮೂಲೆಗೆ ಹಾಕಿ. ಅವಳು ನಿಮ್ಮಿಂದ ಒಂದು-ಒಂದೂವರೆ ಮೀಟರ್ ಒಳಗಿರಲಿ, ಚೆನ್ನಾಗಿ ಕೇಳುವ ಕಿವಿ ನಿಮ್ಮ ಕಡೆಗಿರಲಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ನೆಲಕ್ಕೆ ಜಮಖಾನ, ಗೋಡೆಗೆ ಹಳೇ ಸೀರೆ ಕಟ್ಟಿದರೆ ಪ್ರತಿಧ್ವನಿ ತಗ್ಗುತ್ತದೆ. ತುಟಿ ನೋಡಿದರೂ ಪ, ಬ, ಮ ಒಂದೇ ಥರ: ‘ಬರ’ ಎಂದಿರೋ ‘ಮರ’ ಎಂದಿರೋ ತಿಳಿಯದು. ಹೊಸ ಪದಕ್ಕೆ ಚಿತ್ರದ ಕಾರ್ಡ್ ತೋರಿಸಿಯೇ ಹೇಳಿ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ‘ಅರ್ಥ ಆಯ್ತಾ’ ಎಂದರೆ ತಲೆಯಾಡಿಸುತ್ತಾಳೆ. ‘ಏನು ಮಾಡಬೇಕು, ಹೇಳು’ ಎಂದು ಕೇಳಿ.

ಹುಡುಗನ ಮನೆಮಾತು ತೆಲುಗು ಎಂದಿದ್ದೀರಿ. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರದ ಕಡೆ ಇದನ್ನೇ ಮೊದಲು ನೋಡಬೇಕು. ‘ಪಲಕ ತೆಚ್ಚಿ ಕಿಟಿಕೀ ದಗ್ಗರ ಪೆಟ್ಟು’ (ಸ್ಲೇಟು ತಂದು ಕಿಟಕಿ ಹತ್ತಿರ ಇಡು) ಎಂದಾಗ ಅವನು ಸರಿಯಾಗಿ ಮಾಡಿ, ಅದನ್ನೇ ಕನ್ನಡದಲ್ಲಿ ಹೇಳಿದಾಗ ನಿಂತುಬಿಟ್ಟರೆ ತೊಡಕು ಭಾಷೆಯದು. ದಯವಿಟ್ಟು ಅವನಿಗೆ ಬುದ್ಧಿಮಾಂದ್ಯನೆಂಬ ಹೆಸರು ಕಟ್ಟಬೇಡಿ. ತೆಲುಗಿನಲ್ಲೂ ಆಗದಿದ್ದರೆ ಪರೀಕ್ಷೆ ಮಾಡಿಸಿ. ಕಿವಿಯನ್ನೂ ಸೇರಿಸಿ. ಅಲ್ಲಿಯವರೆಗೆ ಕಲಿಕಾ ಏಣಿಯಲ್ಲಿ, ಅಂದರೆ ಕಲಿಯಬೇಕಾದ ಹಂತಗಳ ಪಟ್ಟಿಯಲ್ಲಿ, ಅವನ ಮೆಟ್ಟಿಲಿನಲ್ಲೇ ಇರಲಿ. ಈ ಪದ್ಧತಿಯ ಅನುಕೂಲವೇ ಅದು. ಗುರಿ ಸಣ್ಣದಾಗಿ, ಅಳೆಯುವಂತೆ ಬರೆಯಿರಿ. ‘ಗಣಿತ ಸುಧಾರಣೆ’ ಎಂದು ಬರೆದರೆ ಮೂರು ತಿಂಗಳ ನಂತರ ಏನೂ ತಿಳಿಯುವುದಿಲ್ಲ. ‘5ರವರೆಗೆ ಹುಣಸೆ ಬೀಜ ಎಣಿಸಿ ಕೊಡುತ್ತಾನೆ, ಐದು ಸಲದಲ್ಲಿ ನಾಲ್ಕು ಸಲ ಸರಿ’ ಎಂದು ಬರೆದರೆ ತಿಳಿಯುತ್ತದೆ. ಗೆಳೆಯರ ಸಹಾಯದ ತಟ್ಟೆಯಲ್ಲಿ ಜೊತೆಗಾರನೇ ಉತ್ತರ ಹೇಳಿಬಿಡುತ್ತಾನೆ, ಆ ಜೊತೆಗಾರನಿಗೆ ಹತ್ತರವರೆಗೆ ಮನಸ್ಸಿನಲ್ಲಿ ಎಣಿಸಿ ಕಾಯಲು ಕಲಿಸಿ.

ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಇಬ್ಬರ ಹೆಸರನ್ನೂ ಬರವಣಿಗೆಯಲ್ಲಿ ಕೊಟ್ಟು ತಪಾಸಣಾ ಶಿಬಿರಕ್ಕೆ ಸೇರಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.

ಊರವರಿಗೆ ಹೇಳಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಸಿಗಬೇಕು, ಆಯ್ಕೆ ಮಗುವಿನ ಕಡೆಯವರದು. ಸೆಲ್, ಮೋಲ್ಡ್ ಎಲ್ಲ ಸರಿಯಿದ್ದೂ ಆರು ಸದ್ದುಗಳಲ್ಲಿ ಒಂದೆರಡೇ ಕೇಳಿಸುತ್ತಿದ್ದರೆ ಕಿವಿಯನ್ನೂ ಮೆಷಿನ್ನನ್ನೂ ಮತ್ತೆ ಪರೀಕ್ಷೆ ಮಾಡಿಸಿ. ಆಮೇಲೂ ಹಾಗೇ ಇದ್ದರೆ ಅವಳಿಗೆ ಸನ್ನೆ ಭಾಷೆ ಬೇಕಾಗಬಹುದು. ಅದನ್ನು ಬಲ್ಲವರು ನಿಮ್ಮ ಕಡೆ ಇಲ್ಲದಿದ್ದರೆ ಸನ್ನೆ ಭಾಷೆಯಲ್ಲಿ ಕಲಿಸುವ ಶಾಲೆಯನ್ನು ತಂದೆ-ತಾಯಿಗೆ ಒಮ್ಮೆ ತೋರಿಸಿ. ಆಗ ಮಾತ್ರ.