ಕಟ್ಟೆ ಒಡೆಯುವ ಮೊದಲು

ಓದುಗರ ಪತ್ರ: ನಮ್ಮ ಬಡಾವಣೆಯ ಮುಖ್ಯ ರಸ್ತೆಯಲ್ಲಿ ಕಳೆದ ತಿಂಗಳು ಸಂಜೆ ನಡೆದು ಹೋಗುತ್ತಿದ್ದ ಹೆಣ್ಣುಮಗಳೊಬ್ಬರ ಕೊರಳ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋದರು. ಅದಾದ ವಾರಕ್ಕೆ ಸೈಕಲ್ ಮೇಲಿದ್ದ ಶಾಲಾ ಹುಡುಗನಿಗೆ ಇನ್ನೊಂದು ಬೈಕು ಬಡಿದು ಕಾಲು ಮುರಿಯಿತು. ಆದ್ದರಿಂದ ರಸ್ತೆಯನ್ನು 60 ಅಡಿಗೆ ಅಗಲಿಸಬೇಕು; ಅಡ್ಡಬರುವ ಮನೆಮುಂದಿನ ಕಟ್ಟೆಗಳನ್ನೂ ಬೇವಿನ ಮರಗಳನ್ನೂ ತೆಗೆಯಬೇಕು; ಮೂಲೆಯ ತಳ್ಳುಬಂಡಿಗಳನ್ನು ಎಬ್ಬಿಸಬೇಕು; ಎರಡೂ ತುದಿಗೆ ಕಬ್ಬಿಣದ ಗೇಟು ಹಾಕಿ ಕ್ಯಾಮೆರಾ ಕೂರಿಸಬೇಕು. ಮೊದಲು ರಾತ್ರಿ ಹತ್ತರವರೆಗೂ ಜನ ಹೊರಗೆ ಕುಳಿತು ಮಾತನಾಡುತ್ತಿದ್ದ ನಮ್ಮ ಓಣಿ ಈಗ ಏಳಕ್ಕೇ ಬಾಗಿಲು ಹಾಕಿಕೊಳ್ಳುತ್ತಿದೆ. ತಮ್ಮ ಪತ್ರಿಕೆ ನಮ್ಮೊಡನೆ ದನಿಗೂಡಿಸಬೇಕು.
– 42 ನಿವಾಸಿಗಳ ಪರವಾಗಿ, ನಿವೃತ್ತ ಗಣಿತ ಶಿಕ್ಷಕರೊಬ್ಬರು, ರಾಯಚೂರು

ಸಂಪಾದಕರ ಉತ್ತರ: ಮಾನ್ಯ ಮಾಸ್ತರರಿಗೆ ನಮಸ್ಕಾರಗಳು. ಅಳತೆಪಟ್ಟಿ ಹಿಡಿದು ಬರೆದ ನಕ್ಷೆಯನ್ನು ಲಗತ್ತಿಸಿದ ಇಂಥ ಪತ್ರ ನಮ್ಮ ಕಚೇರಿಗೆ ಬಾರದೆ ಎಷ್ಟೋ ಕಾಲವಾಗಿತ್ತು. ಹುಡುಗನ ಕಾಲು ಬೇಗ ಕೂಡಿಕೊಳ್ಳಲಿ ಎಂಬುದು ನಮ್ಮೆಲ್ಲರ ಹಾರೈಕೆ. ನಿಮ್ಮ ಬೇಡಿಕೆಗಳಲ್ಲಿ ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ: ಕಳ್ಳ ಓಡಿಹೋದ ಮೇಲೆ ಅವನ ಬೆನ್ನು ಹತ್ತಲು ಪೊಲೀಸರಿಗೆ ಕ್ಯಾಮೆರಾದಿಂದ ಉಪಯೋಗವಿದೆ, ಮತ್ತು ಆಂಬುಲೆನ್ಸ್ ತಿರುಗಲಾಗದಷ್ಟು ಚಾಚಿಕೊಂಡ ಕಟ್ಟೆ ಇದ್ದರೆ ಅದನ್ನು ಹಿಂದಕ್ಕೆ ಸರಿಸುವುದರಲ್ಲಿ ತಪ್ಪಿಲ್ಲ. ಇದಕ್ಕಿಂತ ಹೆಚ್ಚಿನದನ್ನು ನನ್ನಿಂದ ನಿರೀಕ್ಷಿಸಿದ್ದರೆ ಕ್ಷಮಿಸಬೇಕು, ಏಕೆಂದರೆ ನಿಮ್ಮ ಪತ್ರದ ಕೊನೆಗೆ ಬರುವ ಆ ಓಣಿಯ ಮಾತು ಅದರ ಮೇಲಿನ ಬೇಡಿಕೆಗಳೆಲ್ಲವನ್ನೂ ಅಲ್ಲಗಳೆಯುತ್ತಿದೆ. ರಾತ್ರಿ ಹತ್ತರವರೆಗೆ ಜನ ಹೊರಗೆ ಕೂರುತ್ತಿದ್ದಾಗ ಆ ಓಣಿಯಲ್ಲಿ ಸರ ಕಿತ್ತ ಉದಾಹರಣೆ ಇದೆಯೇ ಎಂದು ನೀವೇ ನೆನಪಿಸಿಕೊಳ್ಳಿ. ಕೂರುವ ಜಾಗವನ್ನೇ ಒಡೆದು ಹಾಕಿದರೆ ಅವರು ಮತ್ತೆ ಎಲ್ಲಿ ಬಂದು ಕೂರಬೇಕು?

ನಾನು ಬೆಳೆದ ಓಣಿಯಲ್ಲಿ ನಮ್ಮ ಸೋದರತ್ತೆ ಬೇಸಿಗೆಯ ಸಂಜೆ ಕಟ್ಟೆಗೆ ನೀರು ಚಿಮುಕಿಸಿ, ಕಲ್ಲಿನ ಕಾವು ಆರಿದ ಮೇಲೆ ಚಾಪೆ ಹಾಸಿ, ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂರುತ್ತಿದ್ದರು. ಅಪರಿಚಿತ ಮುಖ ಕಂಡರೆ "ಯಾರ ಪೈಕಿ ನೀ? ಯಾರ ಮನಿಗೆ ಬಂದೀಯಪ್ಪಾ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ನೆಂಟನಾಗಿದ್ದರೆ ಅವನಿಗೆ ಮನೆ ತೋರಿಸುತ್ತಿದ್ದರು, ಅಲ್ಲದಿದ್ದರೆ ಅವನು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದ. ಇದರಿಂದ ನಮಗೆ ಕಾಟವೂ ಇತ್ತೆನ್ನಿ. ನಾನು ಶಾಲೆ ತಪ್ಪಿಸಿ ಸಿನಿಮಾಕ್ಕೆ ಹೋದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಆದರೆ ಆ ಓಣಿಯಲ್ಲಿ ಹೆಣ್ಣುಮಕ್ಕಳು ರಾತ್ರಿ ಊಟದ ನಂತರ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೆಪ್ಪು ಕೇಳಲು ಒಂಟಿಯಾಗಿಯೇ ಹೋಗಿ ಬರುತ್ತಿದ್ದರು. ಕ್ಯಾಮೆರಾ ಆದದ್ದನ್ನು ಮಾರನೆಯ ದಿನ ತೋರಿಸುತ್ತದೆ, ನಮ್ಮ ಸೋದರತ್ತೆ ಆಗುವುದಕ್ಕೇ ಬಿಡುತ್ತಿರಲಿಲ್ಲ.

ಇದು ಮುದುಕನೊಬ್ಬನ ಹಳಹಳಿಕೆ ಎಂದು ತಳ್ಳಿಹಾಕಬೇಡಿ. 1961ರಲ್ಲಿ ನ್ಯೂಯಾರ್ಕಿನ ಜೇನ್ ಜೇಕಬ್ಸ್ ಎಂಬ ಪತ್ರಕರ್ತೆ ತಮ್ಮ ಮನೆಯ ಕಿಟಕಿಯಿಂದ ಕಂಡ ಬೀದಿಯನ್ನೇ ಸಾಕ್ಷಿಯಾಗಿಟ್ಟುಕೊಂಡು ಹೇಳಿದ್ದೂ ಇದನ್ನೇ: ಬೀದಿಯನ್ನು ಮೊದಲು ಕಾಯುವವರು ಪೊಲೀಸರಲ್ಲ, ಅಲ್ಲಿ ಅಂಗಡಿ ತೆರೆದವರು, ಮೆಟ್ಟಿಲ ಮೇಲೆ ಕುಳಿತವರು, ಕೆಲಸದ ಮೇಲೆ ಅತ್ತಿತ್ತ ಓಡಾಡುವವರು. ಅವರ ಕಾಲದ ಯೋಜಕರು ಅವರನ್ನು ಗೃಹಿಣಿಯೆಂದು ಹೀಯಾಳಿಸಿದರು, ಅನಂತರ ಜಗತ್ತಿನ ನಗರ ಯೋಜನೆಯ ಶಾಲೆಗಳೆಲ್ಲ ಅವರನ್ನು ಓದತೊಡಗಿದವು.

ಈ ಕಾರಣಕ್ಕೇ ನೀವು ಎಬ್ಬಿಸಬೇಕೆನ್ನುವ ತಳ್ಳುಬಂಡಿಗಳ ಪರವಾಗಿ ನಾನು ನಿಲ್ಲುತ್ತೇನೆ. ಸಂಜೆ ಆರಕ್ಕೆ ಬಂದು ಒಗ್ಗರಣೆ, ಮಿರ್ಚಿ ಮಾರಿ ಹತ್ತಕ್ಕೆ ಬಂಡಿ ತಳ್ಳಿಕೊಂಡು ಹೋಗುವ ಹೆಣ್ಣುಮಗಳು ಆ ನಾಲ್ಕು ಗಂಟೆ ನಿಮ್ಮ ಮೂಲೆಯನ್ನು ಸಂಬಳವಿಲ್ಲದೆ ಕಾಯುತ್ತಾಳೆ, ತನ್ನದೇ ಖರ್ಚಿನ ಬಲ್ಬು ಹಚ್ಚಿ ಬೆಳಕನ್ನೂ ಕೊಡುತ್ತಾಳೆ. ಕಾನೂನೂ ಅವಳ ಕಡೆಗಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ, ಆಮೇಲೆ ಸ್ಥಳಾಂತರಿಸುವುದಾದರೂ 30 ದಿನಗಳ ಮುನ್ಸೂಚನೆ ಬೇಕು. ಆ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳಿಂದಲೇ ಚುನಾಯಿತರಾದವರಿಗೆ ಮೀಸಲು. ಬಂಡಿ ನಡೆಯುವ ದಾರಿಗೆ ಅಡ್ಡವಾಗಿದ್ದರೆ ಸುಣ್ಣದ ಗೆರೆ ಎಳೆದು ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳಿ, ಒಂದು ಮಧ್ಯಾಹ್ನದ ಕೆಲಸವದು.

ಈಗ ರಸ್ತೆಯ ಅಗಲಕ್ಕೆ ಬರೋಣ. ನೀವು ಗಣಿತ ಕಲಿಸಿದವರು, ಲೆಕ್ಕವನ್ನು ನನಗಿಂತ ಚೆನ್ನಾಗಿ ಬಿಡಿಸುತ್ತೀರಿ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುತ್ತದೆ, 60ರ ವೇಗದ್ದು 16 ಮೀಟರನ್ನೂ ದಾಟುತ್ತದೆ; ಸವಾರನ ಕಣ್ಣು ಹುಡುಗನನ್ನು ಕಂಡು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡು ಕಳೆದಿರುತ್ತದೆ, ಮತ್ತು ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಉರುಳುವ ದೂರ ನಾಲ್ಮಡಿಯಾಗುತ್ತದೆ. ಪಾದಚಾರಿಗೆ ಕಾರು ಬಡಿದಾಗ ಸಾಯುವ ಸಂಭವ 50ರ ವೇಗಕ್ಕಿಂತ 65ರ ವೇಗದಲ್ಲಿ ನಾಲ್ಕೂವರೆ ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆಯುವವರೂ ವಾಹನಗಳೂ ಬೆರೆಯುವಲ್ಲಿ 30ರ ಮಿತಿ ಇರಲಿ ಎಂದು ರಸ್ತೆ ಸುರಕ್ಷತೆಯ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಒತ್ತಾಯಿಸಿದೆ. ನಮ್ಮ ದೇಶದಲ್ಲಿ 2018ರ ಅಧಿಸೂಚನೆ ಪಟ್ಟಣದೊಳಗಿನ ರಸ್ತೆಯಲ್ಲೂ ಕಾರಿಗೆ 70, ಬೈಕಿಗೆ 60 ಕಿಲೋಮೀಟರ್ ವೇಗವನ್ನು ಅನುಮತಿಸಿತು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತರು. ನಿಮ್ಮ ಹುಡುಗನಿಗೆ ಬಡಿದ ಬೈಕಿಗೆ ರಸ್ತೆ ಸಾಲದೇ ಹೋಗಿತ್ತೆಂದು ನಿಜವಾಗಿಯೂ ಅನ್ನಿಸುತ್ತದೆಯೇ? 60 ಅಡಿ ಸಿಕ್ಕರೆ ಅದು ಇನ್ನಷ್ಟು ಜೋರಾಗಿ ಬರುತ್ತದೆ, ಸರ ಕಿತ್ತವನೂ ಇನ್ನಷ್ಟು ಬೇಗ ಮರೆಯಾಗುತ್ತಾನೆ.

ನಮ್ಮ ಕಚೇರಿಯ ಬೀದಿಯನ್ನು ಕೆಲವು ವರ್ಷಗಳ ಹಿಂದೆ ಅಗಲ ಮಾಡಿದರು. ಏಳು ಬೇವಿನ ಮರಗಳು ಹೋದವು. "ಬೀದಿಗೆ ಹೊಸ ಕಳೆ" ಎಂಬ ತಲೆಬರಹದಲ್ಲಿ ನಾವೇ ಅದರ ಚಿತ್ರ ಅಚ್ಚುಮಾಡಿದೆವು, ಆ ಪಾಪ ನನ್ನ ಹೆಗಲ ಮೇಲಿದೆ. ಮೂವತ್ತು ವರ್ಷ ದಿನಕ್ಕೆರಡು ಬಾರಿ ಎದುರಿನ ಚಹದಂಗಡಿಗೆ ದಾಟುತ್ತಿದ್ದ ನಮ್ಮ ಕರಡು ತಿದ್ದುವ ಹಿರಿಯರು ಈಗ ಹುಡುಗನನ್ನು ಕಳಿಸಿ ಚಹ ತರಿಸಿಕೊಳ್ಳುತ್ತಾರೆ. ಆ ಹುಡುಗ ಓಡಿಯೇ ದಾಟುತ್ತಾನೆ. ಹೊಸದಾಗಿ ಮಾಡಿದ ಫುಟ್‌ಪಾತು ಮೊಳಕಾಲೆತ್ತರವಿದೆ, ಅದನ್ನು ಹತ್ತುವ ಶಕ್ತಿಯಿದ್ದವರು ಬೆಟ್ಟವನ್ನೂ ಹತ್ತಬಲ್ಲರು. ರಸ್ತೆಗಳ ಅಳತೆ-ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಮಾರ್ಗಸೂಚಿಯಂತೆ ಅದರ ಎತ್ತರ 15 ಸೆಂಟಿಮೀಟರ್ ಮೀರಬಾರದು, ನಡೆಯಲು ತೆರವಾದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಆ ಅಗಲದಲ್ಲಿ ಎರಡು ವರ್ಷ ನನ್ನ ಸ್ಕೂಟರ್ ನಿಲ್ಲುತ್ತಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಹಾಗಾದರೆ ಏನನ್ನು ಕೇಳಬೇಕು? ಹಂಪ್ ಕೇಳಿ, ಆದರೆ ಒಂದೇ ರಾತ್ರಿಯಲ್ಲಿ ಎಮ್ಮೆ ಅಡ್ಡ ಮಲಗಿದಂತೆ ಎದ್ದು ನಿಂತು, ಬಸುರಿಯರಿಗೂ ಬೆನ್ನುನೋವಿನವರಿಗೂ ಶಿಕ್ಷೆಯಾಗುವ ಹಂಪ್ ಬೇಡ. 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯುವ, ನಡುವೆ 10 ಸೆಂಟಿಮೀಟರ್ ಎತ್ತರದ ಹಂಪಿನ ಅಳತೆ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದಲ್ಲೇ ಇದೆ. 25ರ ವೇಗದಲ್ಲಿ ಬಂದವನಿಗೆ ಅದು ತೊಂದರೆ ಕೊಡುವುದಿಲ್ಲ, ಹಾರಿ ಬಂದವನಿಗೆ ಮಾತ್ರ ಬುದ್ಧಿ ಹೇಳುತ್ತದೆ. ವೇಗಮಿತಿಯನ್ನು ಇಳಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಕೊಟ್ಟಿದೆ. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ವಾಹನಗಳ ಜಾಗವನ್ನು ಕಿರಿದುಗೊಳಿಸಿ ನಡೆಯುವ ಜಾಗವನ್ನು ಹಿಗ್ಗಿಸಿದರು, ಅಲ್ಲಿನ ಸೀರೆ ವ್ಯಾಪಾರವೇನೂ ನಿಂತುಹೋಗಲಿಲ್ಲ.

ದೀಪವನ್ನು ಮಾತ್ರ ನಿಮ್ಮ ಪಟ್ಟಿಯಲ್ಲಿ ಕಾಣದೆ ಆಶ್ಚರ್ಯವಾಯಿತು. ನೀವಿರುವುದು ತೀನ್ ಕಂದೀಲ್ ಎಂಬ ಹೆಸರಿನ ಸರ್ಕಲ್ ಇರುವ ಊರಿನಲ್ಲಿ. ಮೂರು ಕಂದೀಲಿನ ನೆನಪನ್ನು ಊರು ಹೆಸರಿನಲ್ಲಿ ಉಳಿಸಿಕೊಂಡಿದೆ. ಅಗಲವಾಗಿದೆ ಎಂಬ ಕಾರಣಕ್ಕೆ ಯಾವ ಚೌಕಕ್ಕೂ ಜನ ಪ್ರೀತಿಯಿಂದ ಹೆಸರಿಟ್ಟದ್ದನ್ನು ನಾನು ಕೇಳಿಲ್ಲ. ಪಕ್ಕದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಕರೆಂಟು ಕಳಿಸುತ್ತಾರೆ. ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವಾಟ್. ಅದರ ಬೂದಿ ಈ ಜಿಲ್ಲೆಯ ಪಾಲಿಗೆ, ಬೆಳಕು ಬೆಂಗಳೂರಿನ ಪಾಲಿಗೆ ಎಂಬ ನಮ್ಮ ಭಾಗದ ಹಳೆಯ ಕೊರಗನ್ನು ಇಲ್ಲಿ ಬಿಚ್ಚಿದರೆ ಪುಟ ಸಾಲದು. ಇಷ್ಟನ್ನು ಮಾತ್ರ ಹೇಳುತ್ತೇನೆ: ಎತ್ತರದ ಕಂಬದ ದೀಪ ರಸ್ತೆಯ ನಡುವೆ ಓಡುವ ಕಾರಿಗೆ ಬೆಳಕು ಚೆಲ್ಲುತ್ತದೆ, ಮರದ ಕೆಳಗೆ ನಡೆಯುವವರ ಮುಖ ಕತ್ತಲಲ್ಲೇ ಉಳಿಯುತ್ತದೆ. ನಿಮ್ಮ ಓಣಿಗೆ ಬೇಕಾದದ್ದು ಎಲೆಗಳ ಕೆಳಗೆ ಬರುವ ಗಿಡ್ಡ ಕಂಬಗಳು.

ಗೇಟಿನ ವಿಷಯಕ್ಕೆ ಹೆಚ್ಚು ಮಾತು ಬೇಡ. ರಾಯಚೂರಿನ ಕೋಟೆಗೆ ದರ್ವಾಜಾಗಳಿದ್ದೂ 1520ರಲ್ಲಿ ಕೋಟೆ ಕೈಬದಲಾಯಿತು. ತೆರಿಗೆಯ ಹಣದಲ್ಲಿ ಹಾಕಿದ ರಸ್ತೆಗೆ ಬೀಗ ಹಾಕುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ, ಮಾಸ್ತರರೇ. ಬೀದಿಯನ್ನು ಕಾರಿನ ಗಾಜಿನೊಳಗಿಂದ ಮಾತ್ರ ನೋಡುವವರು ಬೀದಿಯ ಬಗ್ಗೆ ತೀರ್ಮಾನ ಮಾಡುತ್ತಾರೆ, ನಡೆಯುವ ನಾವು ಅವರ ಕಣ್ಣಿನಿಂದಲೇ ನೋಡುವುದನ್ನು ಕಲಿತು ನಮ್ಮ ಕಟ್ಟೆಯನ್ನು ನಾವೇ ಒಡೆಯಿರೆಂದು ಅರ್ಜಿ ಕೊಡುತ್ತೇವೆ. ನಮ್ಮ ಮಾತಿನಲ್ಲೂ ಬೀದಿಗೆ ಮರ್ಯಾದೆ ಉಳಿದಿಲ್ಲ. ಕೆಟ್ಟವನು ಬೀದಿಗೆ ಬೀಳುತ್ತಾನೆ, ಆಸ್ತಿ ಬೀದಿ ಪಾಲಾಗುತ್ತದೆ, ಜಗಳ ಬೀದಿ ರಂಪವಾಗುತ್ತದೆ. ಅದೇ ಬೀದಿಯಲ್ಲಿ ವರ್ಷಕ್ಕೊಮ್ಮೆ ತೇರು ಎಳೆಯುತ್ತೇವೆ ಎಂಬುದು ಆಗ ನೆನಪಾಗುವುದಿಲ್ಲ. ನಡೆಯುವವರಿಗೆ ಯೋಗ್ಯವಾದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2025ರ ಮೇ ತಿಂಗಳಲ್ಲಿ, ಅದೂ ಇಷ್ಟು ತಡವಾಗಿ.

ನಿಮ್ಮ ನಕ್ಷೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿದೆ. ಮನೆಗಳಿಗೆ ಸಂಖ್ಯೆಯಿದೆ, ಕಂಬಗಳಿಗೆ ಚುಕ್ಕೆಯಿದೆ, ಬೇವಿನ ಮರಗಳ ಗುರುತಿಲ್ಲ. 42 ಸಹಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಮೂರು ಮಾತ್ರ. ಮರಗಳನ್ನೂ ಕಟ್ಟೆಗಳನ್ನೂ ಬರೆದು, ಸರ ಕಳೆದುಕೊಂಡ ಆ ತಾಯಿಯಿಂದಲೂ ಮಿರ್ಚಿ ಬಂಡಿಯ ಹೆಣ್ಣುಮಗಳಿಂದಲೂ ಸಹಿ ಹಾಕಿಸಿ ಮತ್ತೆ ಕಳಿಸಿಕೊಡಿ. ಅದನ್ನು ನಕ್ಷೆಸಮೇತ ಅಚ್ಚುಮಾಡಲು ಒಂದು ಪೂರ್ಣ ಪುಟವನ್ನು ಕಾದಿರಿಸಿದ್ದೇನೆ.
– ಸಂ.