ಅಡುಗೆ ಪ್ರಶ್ನೋತ್ತರ: ಹೂವಿನಂಗಡಿಯ ಮರುಗ, ನ್ಯೂರೆಂಬರ್ಗಿನ ಸಾಸೇಜ್

ಪ್ರಶ್ನೆ: ಅಮ್ಮಾ, ನಮ್ಮ ಸೊಸೆ ಜರ್ಮನಿಯ ನ್ಯೂರೆಂಬರ್ಗಿನವಳು. ಮಾಂಸ, ಮೊಟ್ಟೆ ಬಿಡಿ, ಹಾಲು ತುಪ್ಪವನ್ನೂ ಮುಟ್ಟುವುದಿಲ್ಲ. ಡಿಸೆಂಬರಿಗೆ ಮಗನ ಜೊತೆ ಊರಿಗೆ ಬರುತ್ತಾಳೆ. ಅವಳ ಊರಿನ ಸಾಸೇಜನ್ನು ಮಾಂಸ ಹಾಕದೆ ಮಾಡಿ ಬಡಿಸುವ ಆಸೆಯಿಂದ ಗ್ಲುಟನ್ (ಗೋಧಿಯ ಅಂಟು ಸತ್ವ) ಪುಡಿ ತರಿಸಿ ಎರಡು ಸಲ ಮಾಡಿದೆ. ಮೊದಲ ಸಲ ರಬ್ಬರಿನ ಹಾಗೆ, ಎರಡನೇ ಸಲ ಉಬ್ಬಿ ಸ್ಪಂಜಿನ ಹಾಗೆ ಆಯಿತು. ಪರಿಮಳವೂ ಬರಲಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಸುರತ್ಕಲ್

ಉತ್ತರ: ಪರಿಮಳದಿಂದಲೇ ಶುರು ಮಾಡುತ್ತೇನೆ. ಮಗಳ ಬಾಣಂತನಕ್ಕೆಂದು ನಾನು ನ್ಯೂರೆಂಬರ್ಗಿನ ಪಕ್ಕದ ಎರ್ಲಾಂಗನ್ನಿನಲ್ಲಿ ಐದು ತಿಂಗಳು ಇದ್ದೆ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಸಾಸೇಜಿಗೆ ಹಾಕುವ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದರು. ನನಗೆ ತಟ್ಟನೆ ಉಡುಪಿಯ ರಥಬೀದಿ ನೆನಪಾಯಿತು. ಅದು ಮರುಗ! ಕನಕಾಂಬರದ ಜೊತೆ ಸೇರಿಸಿ ಕಟ್ಟಿ ನಾವು ಮುಡಿಯುವ ಅದೇ ಮರುಗ. ಅವರು ಮಾರ್ಜೋರಾಮ್ ಎನ್ನುತ್ತಾರೆ, ಅಷ್ಟೇ. ದವನ ಬೇರೆ, ಅದನ್ನು ಹಾಕಬೇಡಿ. ಹೂವಿನಂಗಡಿಯದಕ್ಕೆ ಔಷಧಿ ಹೊಡೆದಿರಬಹುದು, ಆದ್ದರಿಂದ ಚಟ್ಟಿಯಲ್ಲಿ ಒಂದು ಗಿಡ ನೆಡಿ. ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ.

ಇನ್ನು ರಬ್ಬರಿನ ವಿಷಯ. ಬರೀ ಗ್ಲುಟನ್ನನ್ನು ಚಪಾತಿ ಹಿಟ್ಟಿನ ಹಾಗೆ ನಾದಿದರೆ ಎಳೆ ಬಿಗಿಯುತ್ತದೆ. ಅದನ್ನು ಮೆದು ಮಾಡಲು ಬೇಯಿಸಿದ ಬಿಳಿ ಅಲಸಂಡೆ ಬೀಜ ಬೇಕು. 150 ಗ್ರಾಂ ಗ್ಲುಟನ್ ಪುಡಿಗೆ ಅರ್ಧ ಕಪ್ ಬೀಜ. ಅದನ್ನು ಮುಕ್ಕಾಲು ಕಪ್ ನೀರು, ಎರಡು ಚಮಚ ತೆಂಗಿನೆಣ್ಣೆ, ಒಂದು ಚಮಚ ಉಪ್ಪು, ಒಂದೂವರೆ ಚಮಚ ಮರುಗದ ಪುಡಿ, ಅರ್ಧ ಚಮಚ ಒಳ್ಳೆಮೆಣಸಿನ ಪುಡಿ, ಚಿಟಿಕೆ ಜಾಪತ್ರೆಯೊಂದಿಗೆ ನುಣ್ಣಗೆ ರುಬ್ಬಿ ಗ್ಲುಟನ್ ಪುಡಿಗೆ ಸುರಿಯಿರಿ. ಒಣಹಿಟ್ಟು ಉಳಿದರೆ ಇನ್ನೆರಡು ಚಮಚ ನೀರು ಚಿಮುಕಿಸಿ. ಒಂದು ಮುದ್ದೆಯಾದ ಕೂಡಲೇ ಕೈ ತೆಗೆಯಿರಿ. ಅರಸಿನ, ಮೆಣಸಿನ ಪುಡಿ ಬೇಡ. ಆ ಊರಿನ ಸಾಸೇಜ್ ಬಿಳಿಚು.

ಎರಡನೇ ಸಲ ನೀವು ಬಹುಶಃ ಕುದಿಯುವ ನೀರಿಗೆ ಹಾಕಿದ್ದೀರಿ, ಇಲ್ಲವೇ ಸಡಿಲವಾಗಿ ಸುತ್ತಿದ್ದೀರಿ. ಗ್ಲುಟನ್ನಿಗೆ ಜಾಗ ಸಿಕ್ಕಿದರೆ ಉಬ್ಬಿಯೇ ಉಬ್ಬುತ್ತದೆ. ಕಿರುಬೆರಳಿನಷ್ಟು ಉದ್ದಕ್ಕೆ ಹೊಸೆದು, ಬಾಡಿಸಿದ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ತೆಳು ಬಟ್ಟೆ ಸುತ್ತಿ ಎರಡೂ ತುದಿ ತಿರುಚಿ ದಾರ ಕಟ್ಟಿ. ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 40 ನಿಮಿಷ ಹಬೆಯಲ್ಲಿಡಿ. ಬಿಸಿಯಿರುವಾಗ ಬಿಚ್ಚಿದರೆ ಮೆತ್ತಗೆ ಅನ್ನಿಸುತ್ತದೆ, ಹೆದರಬೇಡಿ. ಬಟ್ಟೆ ಬಿಚ್ಚದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ತೆಂಗಿನೆಣ್ಣೆ ಅಲ್ಲಿ ಗಟ್ಟಿಯಾಗಿ ಒಳಗೆ ಹಿಡಿತ ಬರುತ್ತದೆ. ಮರುದಿನ ಕಾವಲಿಯ ಮೇಲೆ ಹೊರಳಿಸಿ ಹೊರಳಿಸಿ ಕಾಯಿಸಿದರೆ ಹೊರಗೆ ಕೆಂಪು ಗರಿ, ಒಳಗೆ ಮೃದು.

ನ್ಯೂರೆಂಬರ್ಗಿನ ಅಸಲಿ ಸಾಸೇಜ್ 7ರಿಂದ 9 ಸೆಂಟಿಮೀಟರ್ ಉದ್ದ, 20ರಿಂದ 25 ಗ್ರಾಂ ತೂಕ ಮಾತ್ರ. ಆ ಹೆಸರಿಗೆ 2003ರಿಂದ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ಇದೆ. ಬೀದಿಯಲ್ಲಿ ಒಂದು ಬನ್ನಿನೊಳಗೆ ಮೂರು ಇಟ್ಟು ಸಾಸಿವೆ ಹಚ್ಚಿ ಕೊಡುತ್ತಾರೆ. ನೀವೂ ಮೂರು ಮೂರು ಇಟ್ಟು ಕೊಡಿ, ಆ ಹುಡುಗಿಗೆ ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ: ಮಾಂಸವಿಲ್ಲದ ಸಾಸೇಜ್ ಎನ್ನುವುದು ಈಗಿನವರ ಶೋಕಿಯಲ್ಲವೇ?
– ಓದುಗರು, ಕುಂದಾಪುರ

ಉತ್ತರ: ಅಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಜನ ಹಸಿವಿನಿಂದ ಕಂಗೆಟ್ಟಾಗ ಕಲೋನ್ ನಗರದ ಮೇಯರ್ ಕೊನ್ರಾಡ್ ಆಡನಾವರ್ ಸಾಸೇಜಿನಲ್ಲಿ ಮಾಂಸದ ಜಾಗಕ್ಕೆ ಸೋಯಾ ತಂದರು. ಅವರ ಸ್ವಂತ ದೇಶ ಪೇಟೆಂಟ್ ಕೊಡಲಿಲ್ಲ, ಶತ್ರುದೇಶವಾದ ಬ್ರಿಟನ್ 1918ರಲ್ಲಿ ಕೊಟ್ಟಿತು. ಅವರೇ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದರು. ಹಸಿದವರಿಗೆಂದು ಹುಟ್ಟಿದ ಅಡುಗೆಯನ್ನು ಶೋಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಗ್ಲುಟನ್ ಪುಡಿ ಸಿಗುವುದಿಲ್ಲ. ಬೇರೆ ದಾರಿ?
– ಓದುಗರು, ಕಾರ್ಕಳ

ಉತ್ತರ: ಒಂದು ಕಿಲೋ ಮೈದಾ ಕಲಸಿ, ಮುದ್ದೆಯನ್ನು ಒಂದು ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ಐದಾರು ಸಲ ನೀರು ಬದಲಿಸುತ್ತಾ ಹಿಸುಕಿ ತೊಳೆಯಿರಿ. ನೀರು ತಿಳಿಯಾಗುವಾಗ ಕೈಯಲ್ಲಿ ಕಾಲು ಕಿಲೋದಷ್ಟು ಹಸಿ ಗ್ಲುಟನ್ ಉಳಿಯುತ್ತದೆ. ಮಸಾಲೆ ಇದಕ್ಕೆ ಸುಲಭವಾಗಿ ಹಿಡಿಯುವುದಿಲ್ಲ. ಚೂರು ಮಾಡಿ ಅಲಸಂಡೆಯ ಜೊತೆ ಮಿಕ್ಸಿಯಲ್ಲೇ ತಿರುಗಿಸಿ, ಬೇರೆ ನೀರು ಹಾಕಬೇಡಿ. ಗೋಧಿ ಒಗ್ಗದವರಿಗೆ ಮಾತ್ರ ಇದನ್ನು ಕೊಡಲೇಬಾರದು. ತೊಳೆದ ಮೊದಲ ನೀರಿನ ಬಿಳಿ ಹಾಲನ್ನು ಚೆಲ್ಲಬೇಡಿ. ರಾತ್ರಿ ಇಟ್ಟು, ಮೇಲಿನ ತಿಳಿ ಬಸಿದು, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಕಾಸಿದರೆ ಒಳ್ಳೆಯ ಹಾಲುಬಾಯಿ ಆಗುತ್ತದೆ.