2000ನೇ ಇಸವಿಯ 2 ಮೆಗಾಪಿಕ್ಸೆಲ್ ಡಿಜಿಟಲ್ ಕ್ಯಾಮೆರಾ ಸಿಕ್ಕಿದೆ. ಪ್ರವಾಸಕ್ಕೆ ಒಯ್ದರೆ ಫೋಟೋ ಚೆನ್ನಾಗಿ ಬರುತ್ತಾ?

ಧಾರಾಳವಾಗಿ ಒಯ್ಯಿರಿ. ಮೆಗಾಪಿಕ್ಸೆಲ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಆ ಕಾಲದ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ 1600 x 1200 ಅಳತೆಯ ಫೋಟೋ ಬರುತ್ತದೆ. 8 x 6 ಇಂಚಿಗೆ ಪ್ರಿಂಟ್ ಹಾಕಿಸಿದರೂ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ, ಆಲ್ಬಮ್ಮಿಗೆ ಸಾಕು. ಆದರೆ ಆಮೇಲೆ ಕ್ರಾಪ್ ಮಾಡೋಣ ಅಂದರೆ ಏನೂ ಉಳಿಯುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ತೆಗೆಯಿರಿ.

ನಿಜವಾಗಿ ಕೈ ಕೊಡುವುದು ಸೆಲ್. ಇಂಥದ್ದೇ ಕ್ಯಾಮೆರಾ ಹೊತ್ತು ನಾನು ಮೂರು ವರ್ಷ ತಿರುಗಿದ್ದೇನೆ. ನಾಲ್ಕು ಎಎ ಸೆಲ್ ಬೇಕಿತ್ತು. ಮೊದಲ ಪ್ರವಾಸದಲ್ಲಿ ಹೊಸ ಆಲ್ಕಲೈನ್ ಸೆಲ್ ಹಾಕಿ ಬೆಟ್ಟ ಹತ್ತಿದೆ. ತುದಿ ತಲುಪುವಷ್ಟರಲ್ಲಿ ಕ್ಯಾಮೆರಾ ಸತ್ತಿತ್ತು. ಅದೇ ಸೆಲ್‌ಗಳನ್ನು ಮನೆಗೆ ತಂದು ಗೋಡೆ ಗಡಿಯಾರಕ್ಕೆ ಹಾಕಿದರೆ ತಿಂಗಳುಗಟ್ಟಲೆ ಓಡಿತು! ಸೆಲ್‌ನಲ್ಲಿ ಶಕ್ತಿ ಇರುತ್ತದೆ. ಆದರೆ ಸ್ಕ್ರೀನ್, ಲೆನ್ಸ್ ಮೋಟಾರ್, ಫ್ಲ್ಯಾಶ್ ಎಲ್ಲ ಒಟ್ಟಿಗೆ ಎಳೆದಾಗ ಆಲ್ಕಲೈನ್‌ನ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಖಾಲಿ ಅಂದುಕೊಳ್ಳುತ್ತದೆ. ಎನ್‌ಐಎಂಎಚ್ ರೀಚಾರ್ಜಬಲ್ ಸೆಲ್ ಎರಡು ಸೆಟ್ ಇಟ್ಟುಕೊಳ್ಳಿ. ಬರೆದಿರುವುದು ಆಲ್ಕಲೈನ್‌ಗಿಂತ ಕಡಿಮೆ, 1.2 ವೋಲ್ಟೇ ಆದರೂ ಆ ಎಳೆತವನ್ನು ತಡೆದುಕೊಳ್ಳುತ್ತದೆ. ಸ್ಕ್ರೀನ್ ಆಫ್ ಮಾಡಿ, ಕಿಂಡಿಯಲ್ಲೇ ನೋಡಿ ತೆಗೆಯಿರಿ. ಹೇಗೂ ಬಿಸಿಲಲ್ಲಿ ಆ ಸ್ಕ್ರೀನಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣಲ್ಲ.

ಯಾವ ಮೆಮೊರಿ ಕಾರ್ಡ್ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಸ್ಮಾರ್ಟ್‌ಮೀಡಿಯಾ ಎಂಬ ಹಳೆಯ ಬಗೆಯದಾದರೆ 128 ಎಂಬಿಗಿಂತ ದೊಡ್ಡದು ಬರಲೇ ಇಲ್ಲ. ಎಸ್‌ಡಿ ಆದರೆ ಈಗಿನ 32 ಜಿಬಿ ಕಾರ್ಡ್ ತುರುಕಬೇಡಿ. ಅದು 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಎಂಬ ಹೊಸ ಬಗೆ, ನಿಮ್ಮ ಕ್ಯಾಮೆರಾಕ್ಕೆ ಅದರ ಪರಿಚಯವೇ ಇಲ್ಲ. ಹಳೆಯ ಸಣ್ಣ ಎಸ್‌ಡಿ ಕಾರ್ಡನ್ನೇ ಹುಡುಕಿ.

ಬಟನ್ ಒತ್ತಿದ ತಕ್ಷಣ ಫೋಟೋ ಬೀಳುವುದಿಲ್ಲ. ಫೋಕಸ್ ಆಗಿ ಕ್ಲಿಕ್ ಆಗುವಷ್ಟರಲ್ಲಿ ಹಕ್ಕಿ ಹಾರಿ, ಕೊಂಬೆ ಮಾತ್ರ ಉಳಿದಿರುತ್ತದೆ. ಮೊದಲೇ ಅರ್ಧ ಒತ್ತಿ ಹಿಡಿದು ಕಾಯಿರಿ, ಸಮಯ ಬಂದಾಗ ಪೂರ್ತಿ ಒತ್ತಿ.

ಆಕಾಶದ ವಿಷಯದಲ್ಲಿ ಸ್ವಲ್ಪ ಜಿಪುಣತನ ಬೇಕು. ಈ ಸೆನ್ಸರ್‌ಗಳಲ್ಲಿ ಮೋಡ ಒಮ್ಮೆ ಬೆಳ್ಳಗೆ ಸುಟ್ಟುಹೋದರೆ ಯಾವ ಸಾಫ್ಟ್‌ವೇರಿಗೂ ವಾಪಸ್ ತರಲು ಆಗಲ್ಲ. ನಾನು ಬಿಸಿಲಿದ್ದಾಗ ಎಕ್ಸ್‌ಪೋಶರನ್ನು, ಅಂದರೆ ಫೋಟೋ ಎಷ್ಟು ಬೆಳಕಾಗಿ ಬರಬೇಕು ಅನ್ನುವ ಸೆಟ್ಟಿಂಗನ್ನು, ತುಸು ತಗ್ಗಿಸಿ -0.7ರಲ್ಲೇ ಇಡುತ್ತಿದ್ದೆ. ನೆರಳು ಕಪ್ಪಾದರೆ ಆಮೇಲೆ ಸ್ವಲ್ಪ ಎತ್ತಬಹುದು, ಒಂದಿಷ್ಟು ಕಾಳುಕಾಳು ಕಾಣುತ್ತದೆ ಅಷ್ಟೇ. ಕತ್ತಲಾದ ಮೇಲೆ? ಸುಮ್ನೆ ಚೀಲಕ್ಕೆ ಹಾಕಿಬಿಡಿ.

ಕೊನೆಗೆ ತಾರೀಖು. ಗಡಿಯಾರ ಓಡಿಸುವ ಒಳಗಿನ ಪುಟ್ಟ ಬ್ಯಾಟರಿ ಇಷ್ಟು ವರ್ಷದಲ್ಲಿ ಸತ್ತಿದ್ದರೆ, ಸೆಲ್ ಬದಲಿಸಿದಾಗಲೆಲ್ಲ ತಾರೀಖು ಮೊದಲಿಗೇ ಹೋಗುತ್ತದೆ. ನನ್ನದೊಂದು ಇಡೀ ಪ್ರವಾಸ ಜನವರಿ 1ರಂದೇ ನಡೆದಿದೆ! ಆಮೇಲೆ ಸೆಲ್ ಹಾಕಿದ ಕೂಡಲೇ ನನ್ನ ಕೈಗಡಿಯಾರದ ಫೋಟೋ ಒಂದು ತೆಗೆಯುವುದು ರೂಢಿಯಾಯಿತು, ಅದರಲ್ಲಿ ತಾರೀಖೂ ಇತ್ತಲ್ಲ. ಈಗ ಆ ಫೋಲ್ಡರ್ ತೆರೆದರೆ ಬೆಟ್ಟ, ಬೆಟ್ಟ, ಕೈಗಡಿಯಾರ, ಹೊಳೆ, ಮತ್ತೆ ಕೈಗಡಿಯಾರ.